ಕುರುಚಲು ಕಾಡಿನಲ್ಲಿ ಚಿನ್ನು ಕಲಿತ ಕನ್ನಡ

ಕಳೆದ ತಿಂಗಳು ನಮ್ಮ ಕಚೇರಿಯವರು ಗಿಡ ನೆಡುವ ಕಾರ್ಯಕ್ರಮವೆಂದು ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ಗುರುಗ್ರಾಮದ ಆಚೆಯ ಅರಾವಳಿ ಗುಡ್ಡಕ್ಕೆ ಕರೆದುಕೊಂಡು ಹೋದರು. ಯಾವ ಜಾಗ ಎಂದು ನಾನು ಕೇಳಿರಲಿಲ್ಲ. ಬಸ್ಸಿಳಿದಾಗಲೂ ಗುರುತು ಹತ್ತಲಿಲ್ಲ. ಗೇಟು ಹೊಸದು, ಟಿಕೆಟಿನ ಕಿಟಕಿ ಹೊಸದು, ದಾರಿಗೆ ಕಲ್ಲು ಹಾಸಿದ್ದಾರೆ. ಹತ್ತಿಪ್ಪತ್ತು ಹೆಜ್ಜೆ ಒಳಗೆ ಹೋದ ಮೇಲೆ ಒಂದು ವಾಸನೆ ಬಂತು. ಹಸುವಿನಷ್ಟು ದೊಡ್ಡ ಜಿಂಕೆಯಂಥ ನೀಲಗಾಯಿಗಳು ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತವೆ. ಅದು ಬಿಸಿಲಿಗೆ ಒಣಗಿ ಗುಡ್ಡೆಯಾಗಿರುತ್ತದೆ. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕಾದ ಕಲ್ಲು, ಒಣಹುಲ್ಲು, ಆ ಹಿಕ್ಕೆ ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಾಲು ನಿಂತಿತು. ಕೈಯಲ್ಲಿದ್ದ ಸಸಿಯನ್ನು ನೆಲಕ್ಕಿಟ್ಟು ಅಲ್ಲೇ ಬಂಡೆಯ ಮೇಲೆ ಕುಳಿತೆ. ಜೊತೆಯವರು ಬಿಸಿಲಿಗೆ ತಲೆ ಸುತ್ತಿತೆಂದುಕೊಂಡು ನೀರು ಕೊಟ್ಟರು. ಹೌದು ಎಂದು ಕುಡಿದೆ.

ಆರು ವರ್ಷದ ಹಿಂದೆ, ನಮ್ಮ ಚಿನ್ನು ಮೂರನೇ ಕ್ಲಾಸಿನಲ್ಲಿದ್ದಾಗ, ಒಂದು ಇಡೀ ವರ್ಷ ನಾವು ಮೂವರೂ ಭಾನುವಾರ ಬೆಳಗಾದರೆ ಇಲ್ಲಿಗೆ ಬರುತ್ತಿದ್ದೆವು. ಆಮೇಲೆ ಬರಲಿಲ್ಲ.

ನಮ್ಮವರು ಸೋಮವಾರಪೇಟೆಯ ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಸೇನೆ ಸೇರಿ, ಇಪ್ಪತ್ತೆರಡು ವರ್ಷ ಫಿರಂಗಿಗಳ ಪಕ್ಕದಲ್ಲೇ ಕಳೆದವರು. ನಾನು ತುಮಕೂರಿನವಳು, ಪರೀಕ್ಷೆ ಬರೆದು ದೆಹಲಿಯ ಕಚೇರಿಯೊಂದರಲ್ಲಿ ಸ್ಟೆನೋ ಆಗಿ ಬಂದು ಜನಕಪುರಿಯಲ್ಲಿ ಮನೆ ಮಾಡಿದ್ದೆ. ಮದುವೆಯಾದ ಮೇಲೂ ಅವರು ಎಲ್ಲೆಲ್ಲೋ, ನಾನು ಇಲ್ಲೇ. ವರ್ಷಕ್ಕೆ ಎರಡು ಸಲ ರಜೆಯ ಮೇಲೆ ಬರುತ್ತಿದ್ದರು. ಚಿನ್ನು ಹುಟ್ಟಿದ್ದು, ಬೆಳೆದದ್ದು ಎಲ್ಲ ಜನಕಪುರಿಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ರೂಢಿಯಾಗಿತ್ತು. ಎಲ್ಲ ಅರ್ಥವಾಗುತ್ತಿತ್ತು ಅವಳಿಗೆ, ಆದರೆ ಬಾಯಿಗೆ ಬರುತ್ತಿರಲಿಲ್ಲ. ನಾನೂ ಬಲವಂತ ಮಾಡಿದವಳಲ್ಲ. ಸಂಜೆ ಕಚೇರಿಯಿಂದ ಬಂದು ಅಡುಗೆ, ಹೋಂವರ್ಕ್ ಮುಗಿಸುವ ಹೊತ್ತಿಗೆ ಮಾತು ಯಾವ ಭಾಷೆಯಲ್ಲಿದ್ದರೇನು ಅನಿಸುತ್ತಿತ್ತು.

ಆ ವರ್ಷ ನಮ್ಮವರಿಗೆ ದೆಹಲಿಗೆ ವರ್ಗವಾಯಿತು. ಫೋನಿನಲ್ಲಿ, "ಕಿವಿ ಸ್ವಲ್ಪ ಮಂದ ಅಂತೆ. ಗನ್ ಹತ್ರ ಬೇಡ, ಆಫೀಸ್ ಕೆಲಸ ಕೊಡ್ತೀವಿ ಅಂದ್ರು" ಎಂದರು. ನನಗೆ ಕೇಳಿಸಿದ್ದು ಅವರು ಮನೆಗೆ ಬರುತ್ತಿದ್ದಾರೆ ಎಂಬುದೊಂದೇ. ಕಿವಿಯ ಮಾತು ಆಮೇಲೆ ಯೋಚಿಸಿದರಾಯಿತು ಎಂದುಕೊಂಡೆ.

ಬಂದಿದ್ದು ಡಿಸೆಂಬರಿನಲ್ಲಿ. ಮನೆಯಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮಗಳಿಗೂ ಅವರಿಗೂ ನಡುವೆ ಏನು ಮಾತಾಡಬೇಕೆಂದೇ ಇಬ್ಬರಿಗೂ ತಿಳಿಯದು. ಅವರು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟರೆ ಅವರು ಸುಮ್ಮನೆ ನಗುತ್ತಿದ್ದರು. ಅವಳು ನನ್ನ ಹತ್ತಿರ ಬಂದು, "ಪಾಪಾ ಮೇರೀ ಬಾತ್ ಸುನ್ತೇ ಹೀ ನಹೀಂ" ಎಂದು ಮುಖ ಊದಿಸಿಕೊಳ್ಳುತ್ತಿದ್ದಳು. ಅಪ್ಪ ತನ್ನ ಮಾತಿಗೆ ಕಿವಿಗೊಡುವುದಿಲ್ಲ ಎಂಬುದು ಅವಳ ದೂರು. ಆಗಲೇ ಯಾರೋ ಸಹೋದ್ಯೋಗಿ ಈ ಗುಡ್ಡದ ಬಗ್ಗೆ ಹೇಳಿದರಂತೆ. ಹಿಂದೆ ಕಲ್ಲು ಒಡೆಯುತ್ತಿದ್ದ ಕ್ವಾರಿ, ಈಗ ಕಾಡು ಬೆಳೆಸಿದ್ದಾರೆ, ನೋಡಿ ಬನ್ನಿ ಎಂದು. ಒಂದು ಭಾನುವಾರ ಹಳೆಯ ಕಾರಿನಲ್ಲಿ ಮೂವರೂ ಹೊರಟೆವು.

ಕಾಡು ಎಂದರೆ ನನ್ನ ಕಣ್ಣಿಗೆ ಅದು ಕಾಡೇ ಅಲ್ಲ. ಸೊಂಟದೆತ್ತರದ ಮುಳ್ಳುಪೊದೆ, ಜಾಲಿ, ಎಲೆಯೇ ಇಲ್ಲದ ಕರೀಲ್ ಗಿಡ, ಬೂದಿ ಬಣ್ಣದ ಬಂಡೆ, ನಡುನಡುವೆ ಕ್ವಾರಿಯ ಹಳ್ಳಗಳು. ದೂರದಲ್ಲಿ ಗುರುಗ್ರಾಮದ ಮೂವತ್ತು ಅಂತಸ್ತಿನ ಕಟ್ಟಡಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ಆದರೆ ನಮ್ಮವರು ಕಾರಿಳಿದ ಕೂಡಲೇ ಬೇರೆ ಮನುಷ್ಯರಾದರು. ಮರಳಿನ ಮೇಲೆ ಬಗ್ಗಿ ಮೊಲದ ಹೆಜ್ಜೆ ತೋರಿಸಿದರು. ಮುಳ್ಳುಹಂದಿಯ ಮುಳ್ಳೊಂದನ್ನು ಹುಡುಕಿ ಚಿನ್ನುವಿನ ಕೈಗಿಟ್ಟರು. ದೂರದ ಇಳಿಜಾರಿನಲ್ಲಿ ನನಗೆ ಬರೀ ಬಂಡೆ ಕಂಡಲ್ಲಿ, "ಅಲ್ಲಿ ನೋಡು, ಮೂರು ಇದಾವೆ" ಎಂದರು. ಎಷ್ಟೋ ಹೊತ್ತಿನ ಮೇಲೆ ಒಂದು ಬಂಡೆ ಕಿವಿ ಅಲ್ಲಾಡಿಸಿ ನೀಲಗಾಯಿಯಾಯಿತು. ಚಿನ್ನು ಬಾಯಿ ತೆರೆದು ಅಪ್ಪನನ್ನೇ ನೋಡಿದಳು. ಅವತ್ತು ವಾಪಸು ಬರುವಾಗ ಕಾರಿನಲ್ಲಿ ಹಿಂದೆ ಕೂರದೆ ಮುಂದೆ, ಅಪ್ಪನ ಪಕ್ಕ ಕುಳಿತಳು. ಅಲ್ಲಿಂದ ಪ್ರತಿ ಭಾನುವಾರ.

ಗೇಟಿನಲ್ಲಿ ಧರಮ್ ಸಿಂಗ್ ಎಂಬ ಕಾವಲುಗಾರ ಇರುತ್ತಿದ್ದ. ಐವತ್ತೈದು ದಾಟಿದವನು, ಪಕ್ಕದ ಹಳ್ಳಿಯವನು. ಕ್ವಾರಿ ಇದ್ದ ಕಾಲದಲ್ಲಿ ಅದೇ ಗುಡ್ಡದಲ್ಲಿ ಕಲ್ಲಿಗೆ ಸಿಡಿಮದ್ದು ಇಡುವ ಕೆಲಸ ಮಾಡಿದವನು. ನಮ್ಮವರನ್ನು ಸೂಬೇದಾರ್ ಸಾಬ್ ಎಂದು ಕರೆಯುತ್ತಿದ್ದ. ಯಾವಾಗಲೂ ಅವರ ಎಡಗಡೆಗೇ ಬಂದು ನಿಂತು, ಎದುರಿಗೆ ಮುಖ ಇಟ್ಟು, ಗಟ್ಟಿಯಾಗಿ ಮಾತಾಡುವನು. ಅದು ಅವನ ಅಭ್ಯಾಸ ಎಂದುಕೊಂಡಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ಅಪ್ಪ ಮಗಳು ಮುಂದೆ ಹೋಗಿದ್ದಾಗ ಅವನೇ ನನ್ನನ್ನು ತಡೆದು ಹಿಂದಿಯಲ್ಲಿ ಹೇಳಿದ: "ಮೇಡಂ, ಸಾಬ್‌ಗೆ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಹೋಗ್ತಾ ಇದೆ. ನನ್ನದು ಒಂದು ಹೋಗಿದ್ದು ಹೀಗೇ. ಮೊದಲು ಸಣ್ಣ ಹಕ್ಕಿ ಹೋಗುತ್ತೆ, ಆಮೇಲೆ ಮಕ್ಕಳು, ಆಮೇಲೆ ಹೆಂಗಸರು."

ಅವನು ಹೇಳಿದ ಮೇಲೆ ನಾನು ಗಮನಿಸತೊಡಗಿದೆ. ಹುಲ್ಲಿನಲ್ಲಿ ಗೌಜಲಹಕ್ಕಿ ಕಿವಿ ಕಿತ್ತುಹೋಗುವ ಹಾಗೆ ಕೂಗಿದರೆ ಇವರು ಆ ಕಡೆ ತಿರುಗುತ್ತಿದ್ದರು. ಪೊದೆಯ ಸಣ್ಣ ಹಕ್ಕಿಗಳಿಗೆ ತಿರುಗುತ್ತಿರಲಿಲ್ಲ. ಚಿನ್ನು ಪಕ್ಕದಲ್ಲೇ ಹರಟುತ್ತಿದ್ದರೂ ಅವಳ ಬಾಯಿ ಕಂಡರೆ ಮಾತ್ರ ತಲೆ ಆಡಿಸುತ್ತಿದ್ದರು. ಮನೆಗೆ ಬಂದು ಕೇಳಿದೆ. "ಗೊತ್ತು" ಎಂದರು. ಡಾಕ್ಟರ ಹತ್ತಿರ ಹೋದೆವು. ಒಳಗಿನ ನರ ಸವೆದಿದೆ, ಗುಂಡಿನ ಸದ್ದು ಅರ್ಧ ಕಾರಣ, ಇನ್ನರ್ಧ ಏನೆಂದು ನಮಗೂ ತಿಳಿಯದು, ಇದು ನಿಲ್ಲುವ ಲಕ್ಷಣ ಕಾಣುತ್ತಿಲ್ಲ ಎಂದರು. ಕಿವಿಗೆ ಯಂತ್ರ ಹಾಕಿಸಿದೆವು. ಅದರಲ್ಲಿ ಗಾಳಿ ದೊಡ್ಡದಾಗಿ ಕೇಳುತ್ತಿತ್ತೇ ಹೊರತು ಮಾತು ಬಿಡಿಬಿಡಿಯಾಗಿ ಕೇಳುತ್ತಿರಲಿಲ್ಲ. ಗುಡ್ಡಕ್ಕೆ ಬಂದರೆ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಗಳಿಗೆ ಹೇಳುವುದು ಬೇಡ ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಯಾಕೆ ಬೇಡ ಎಂದುಕೊಂಡೆವೋ ಈಗ ನೆನಪಿಲ್ಲ. ಚಿಕ್ಕವಳು, ಹೆದರುತ್ತಾಳೆ ಎಂದಿರಬೇಕು.

ಏಪ್ರಿಲಿನಲ್ಲಿ ಕರೀಲ್ ಪೊದೆಗಳು ಕೆಂಪು ಹೂ ಬಿಟ್ಟವು. ಮೇ ಹೊತ್ತಿಗೆ ಹತ್ತು ಗಂಟೆಗೇ ಲೂ ಬೀಸತೊಡಗಿತು. ರಾಜಸ್ಥಾನದ ಕಡೆಯಿಂದ ಬರುವ ಆ ಬಿಸಿಗಾಳಿಗೆ ಮುಖ ಕೊಟ್ಟು ನಿಲ್ಲುವುದಕ್ಕಾಗುವುದಿಲ್ಲ. ಆದ್ದರಿಂದ ಬೆಳಕು ಹರಿಯುವಷ್ಟರಲ್ಲಿ ಗೇಟಿನ ಹತ್ತಿರ ಇರುತ್ತಿದ್ದೆವು. ಟ್ಯಾಂಕರಿನವರು ಸಿಮೆಂಟಿನ ತೊಟ್ಟಿಗೆ ನೀರು ತುಂಬಿಸಿ ಹೋಗುತ್ತಿದ್ದರು. ಅದಕ್ಕೆ ಬರುವ ಪ್ರಾಣಿಗಳನ್ನು ಬಂಡೆಯ ಮರೆಯಲ್ಲಿ ಕುಳಿತು ನೋಡುವುದೇ ಆ ತಿಂಗಳ ಕೆಲಸ. ಮರಿ ಹಾಕಿದ ನರಿಯೊಂದು ಬರುತ್ತಿತ್ತು. ಒಂದು ಉಡ ಬಂದು ತೊಟ್ಟಿಯ ಅಂಚಿನಲ್ಲಿ ಗಂಟೆಗಟ್ಟಲೆ ಕೂರುತ್ತಿತ್ತು. ಚಿನ್ನು ಅದಕ್ಕೆ ಪ್ರಿನ್ಸಿಪಾಲ್ ಸರ್ ಎಂದು ಹೆಸರಿಟ್ಟಿದ್ದಳು.

ಅಂಥ ಒಂದು ಬೆಳಿಗ್ಗೆ ವಾಪಸು ಬರುತ್ತಿದ್ದೆವು. ನಮ್ಮವರು ಮುಂದೆ, ಹತ್ತು ಹೆಜ್ಜೆ ಹಿಂದೆ ಚಿನ್ನು, ಅವಳ ಹಿಂದೆ ನಾನು. ಚಿನ್ನು ಕೂಗಿದ್ದು ಕೇಳಿಸಿತು. "ಪಾಪಾ ರುಕೋ, ಸಾಂಪ್ ಹೈ." ನಿಲ್ಲಪ್ಪ, ಹಾವು ಎಂದು. ಅವರು ನಡೆಯುತ್ತಲೇ ಇದ್ದರು. ಮತ್ತೆ ಕೂಗಿದಳು. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದಳು. ಅವರು ನಡೆಯುತ್ತಲೇ ಇದ್ದರು. ನಾನು ಓಡಿ ಅವರ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಅವರು ಎತ್ತಿದ ಕಾಲಿನ ಕೆಳಗೆ, ಕಲ್ಲಿನ ಬಣ್ಣದ್ದೇ, ಗೇಣುದ್ದದ ಗರಗಸ ಮಂಡಲ. ಸುರುಳಿ ಸುತ್ತಿ ಮೈಯನ್ನು ಮೈಗೆ ಉಜ್ಜಿ ಸದ್ದು ಮಾಡುತ್ತಿತ್ತು. ಅದರ ವಿಷ ಎಂಥದೆಂದು ಧರಮ್ ಸಿಂಗ್ ಎಷ್ಟೋ ಸಲ ಹೇಳಿದ್ದ. ಆ ಸದ್ದೂ ಅವರಿಗೆ ಕೇಳಿಸಿರಲಿಲ್ಲ.

ಹಾವು ಪೊದೆಗೆ ಸರಿಯಿತು. ಚಿನ್ನುವಿಗೆ ಹೆದರಿಕೆಗಿಂತ ಸಿಟ್ಟು. ಅಪ್ಪ ತನ್ನ ಮಾತು ಕೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ, ಹಾವು ಎಂದರೂ ಕೇಳುವುದಿಲ್ಲ ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿ ಅಳತೊಡಗಿದಳು. ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಅವಳೆದುರು ನೆಲದ ಮೇಲೆ ಕುಳಿತರು.

"ಕೇಳಿಸಿದ್ರೆ ನಿಲ್ತಿದ್ದೆ ಕಣಮ್ಮ. ನಂಗೆ ಕಿವಿ ಕೇಳಿಸ್ತಾ ಇಲ್ಲ. ನಿನ್ನ ದನಿ ಅಂತೂ ಬಂದಾಗಿನಿಂದ್ಲೂ ಸಿಗ್ತಾ ಇಲ್ಲ."

ಅವಳು ಅಳು ನಿಲ್ಲಿಸಿದಳು. "ಬಿಲ್ಕುಲ್ ಭೀ ನಹೀಂ?" ಸ್ವಲ್ಪವೂ ಇಲ್ಲವೇ ಎಂದಳು. ಅವರು ಅವಳ ಬಾಯನ್ನೇ ದಿಟ್ಟಿಸಿ, ಅಡ್ಡಡ್ಡ ತಲೆ ಆಡಿಸಿದರು.

"ಏನಂದೆ ಅಂತ ಗೊತ್ತಾಗ್ಲಿಲ್ಲ. ನಿಮ್ಮಮ್ಮ ಕನ್ನಡದಲ್ಲಿ ಹೇಳಿದ್ರೆ ತುಟಿ ನೋಡಿ ಗೊತ್ತಾಗುತ್ತೆ. ಹಿಂದಿ ಗೊತ್ತಾಗಲ್ಲ."

ಇಪ್ಪತ್ತೆರಡು ವರ್ಷ ಹಿಂದಿಯಲ್ಲೇ ಕೆಲಸ ಮಾಡಿದವರು. ಆದರೂ ಕಿವಿ ಬಿಟ್ಟು ಕಣ್ಣಿನಿಂದ ಕೇಳಬೇಕಾಗಿ ಬಂದಾಗ, ಚಿಕ್ಕಂದಿನಲ್ಲಿ ತಾಯಿಯ ಬಾಯಿ ನೋಡಿ ಕಲಿತ ಮಾತು ಮಾತ್ರ ಅವರಿಗೆ ಸಿಗುತ್ತಿತ್ತು. ನನಗದು ಅಷ್ಟರವರೆಗೆ ತಿಳಿದಿರಲಿಲ್ಲ. ಚಿನ್ನು ಅಂಗೈಯಿಂದ ಕಣ್ಣು ಒರೆಸಿಕೊಂಡು, ಒಂದೊಂದೇ ಪದವಾಗಿ, "ಅಪ್ಪ. ಹಾವು. ಇದ್ದಾನೆ" ಎಂದಳು. ಅವರು ನಕ್ಕು ಅವಳನ್ನು ಎಳೆದುಕೊಂಡರು.

ಅಂದಿನಿಂದ ಅವಳು ಕನ್ನಡ ಕಲಿತಳು. ನಾನು ಎಂಟು ವರ್ಷದಲ್ಲಿ ಕಲಿಸದೇ ಇದ್ದದ್ದನ್ನು ಎರಡು ತಿಂಗಳಲ್ಲಿ ಕಲಿತಳು. ವಾರವಿಡೀ ನನ್ನ ಹಿಂದೆ ಬಿದ್ದು, ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಕೇಳಿ, ಭಾನುವಾರ ಅಪ್ಪನೆದುರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಒಪ್ಪಿಸುತ್ತಿದ್ದಳು. ಅವರು ಅವಳ ಬಾಯನ್ನೂ ಅವಳ ಹಿಂದಿನ ದಾರಿಯನ್ನೂ ನೋಡುತ್ತ ನಡೆಯುತ್ತಿದ್ದರು. ಹಿಂದಿಯ ಹಾಗೆ ಪ್ರಾಣಿಗಳಿಗೆಲ್ಲ ಗಂಡು ಹೆಣ್ಣು ಹಚ್ಚುತ್ತಿದ್ದಳು. ಮೊಲ ಓಡಿದ. ನರಿ ನೀರು ಕುಡೀತಾಳೆ. ಳ ಅವಳ ನಾಲಿಗೆಗೆ ಹೊರಳುತ್ತಲೇ ಇರಲಿಲ್ಲ. "ಅಪ್ಪ, ಹಲ್ಲದಲ್ಲಿ ನೀರು ಇದೆ" ಎನ್ನುವಳು, ಹಳ್ಳ ಎನ್ನುವುದಕ್ಕೆ. ನಾನು ತಿದ್ದಲು ಹೋದರೆ ಅವರು ಯಾಕೆ ತಿದ್ದುತ್ತಿದ್ದೀಯ ಎಂಬಂತೆ ನನ್ನನ್ನು ನೋಡುತ್ತಿದ್ದರು. ತುಟಿಯ ಮೇಲೆ ಎರಡೂ ಒಂದೇ ತಾನೇ.

ಜೂನ್ ಕೊನೆಗೆ ಮಳೆ ಬಂತು. ಒಂದೇ ವಾರದಲ್ಲಿ ಬೂದಿ ಬಣ್ಣದ ಗುಡ್ಡ ಹಸಿರಾಯಿತು. ಕ್ವಾರಿಯ ಹಳ್ಳಗಳಲ್ಲಿ ನೀರು ನಿಂತಿತು, ಕಪ್ಪೆಗಳು ಎಲ್ಲಿದ್ದವೋ ಏನೋ, ಸಾವಿರಗಟ್ಟಲೆ ಬಂದವು. ಧರಮ್ ಸಿಂಗ್ ಒಂದು ದಿನ ಗೇಟಿನಲ್ಲೇ ಸುದ್ದಿ ಕೊಟ್ಟ: ನವರಂಗ ಬಂದಿದೆ. ಅದು ಚಳಿಗಾಲವನ್ನು ನಮ್ಮ ದಕ್ಷಿಣದಲ್ಲಿ ಕಳೆದು, ಮಳೆಗೆ ಉತ್ತರಕ್ಕೆ ಬಂದು ಗೂಡು ಕಟ್ಟುವ ಹಕ್ಕಿ. ನಮ್ಮವರು ಚಿಕ್ಕಂದಿನಲ್ಲಿ ಮುಸ್ಸಂಜೆಗೆ ಅದರ ಸಿಳ್ಳು ಕೇಳುತ್ತಿದ್ದರಂತೆ. ದನಿ ಕೇಳಿ ಹುಡುಕಬೇಕಾದ ಹಕ್ಕಿ ಅದು, ಕಣ್ಣಿಗೆ ಸುಲಭವಾಗಿ ಸಿಗದು. ಮೂರು ಭಾನುವಾರ ಒದ್ದೆ ಬಂಡೆಯ ಮೇಲೆ ಕಾದೆವು. ನಾಲ್ಕನೆಯ ಸಲ ಹತ್ತಿರದಲ್ಲೇ ಸಿಳ್ಳು ಕೇಳಿತು. ನಾನೂ ಚಿನ್ನುವೂ ಒಟ್ಟಿಗೆ ತಿರುಗಿದೆವು. ನಾವು ತಿರುಗಿದ್ದು ನೋಡಿ ಅವರೂ ತಿರುಗಿದರು. ಕೊಂಬೆಯ ಮೇಲೆ ಹಸಿರು ಬೆನ್ನು, ಕೆಂಪು ಹೊಟ್ಟೆ. ತಲೆ ಹಿಂದಕ್ಕೆಸೆದು, ಕೊಕ್ಕು ತೆರೆದು, ಮುಚ್ಚಿತು.

"ಕೂಗ್ತಾ ಇದೆಯಾ?" ಎಂದರು.

"ಹೂಂ ಅಪ್ಪ. ಕೂಗ್ತಿದ್ದಾನೆ."

"ಹೇಗೆ?"

ಅವಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಸಿಳ್ಳು ಹಾಕಿ ನೋಡಿದಳು. ಅದು ಅವರಿಗೆ ಇನ್ನೆಲ್ಲಿ. ಕೊನೆಗೆ ಅವರ ಅಂಗೈ ತೆಗೆದುಕೊಂಡು ಬೆರಳಿನಿಂದ ಒಂದು ಸಣ್ಣ ಗೆರೆ, ಅದರ ಪಕ್ಕ ಒಂದು ಉದ್ದ ಗೆರೆ ಎಳೆದಳು. ಹಕ್ಕಿ ಕೊಕ್ಕು ತೆರೆದಾಗಲೆಲ್ಲ ಎಳೆದಳು. ಅವರು ಹಕ್ಕಿ ಹಾರಿಹೋಗುವವರೆಗೂ ಕೈ ಹಾಗೇ ಚಾಚಿಕೊಂಡಿದ್ದರು. ಅವರ ಕಣ್ಣು ತುಂಬಿದ್ದು ಅವಳಿಗೆ ಕಾಣದಿರಲಿ ಎಂದು ನಾನು ಛತ್ರಿ ಅಡ್ಡ ಹಿಡಿದೆ.

ಆ ಮಳೆಗಾಲ ಮುಗಿಯುವುದರೊಳಗೆ ಎಡಗಿವಿಯೂ ಹೋಯಿತು. ನಾನು ಎದುರಿಗಿಲ್ಲದಿದ್ದರೆ ಅವರಿಗೆ ನಾನೂ ಇಲ್ಲ. ಸೆಪ್ಟೆಂಬರಿನಲ್ಲಿ ವೈದ್ಯಕೀಯ ಮಂಡಳಿ ಕುಳಿತು, ವರ್ಷದ ಕೊನೆಗೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡುವುದೆಂದು ತೀರ್ಮಾನವಾಯಿತು. ಅದನ್ನು ಅವರು ನಾನು ಹೆದರಿದಷ್ಟು ಹಚ್ಚಿಕೊಳ್ಳಲಿಲ್ಲ. ಭಾನುವಾರ ಇತ್ತಲ್ಲ. ವಾರದ ಆರು ದಿನ ಮೌನವಾಗಿದ್ದವರು ಏಳನೆಯ ದಿನ ಮಗಳ ಜೊತೆ ಮೂರು ಗಂಟೆ ಎಡೆಬಿಡದೆ ಮಾತಾಡುತ್ತಿದ್ದರು.

ದೀಪಾವಳಿ ರಜೆಗೆ ಊರಿನಿಂದ ಭಾವ, ಅಂದರೆ ನಮ್ಮವರ ಅಣ್ಣ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ ಮತ್ತು ಕಾಲೇಜಿಗೆ ಹೋಗುತ್ತಿದ್ದ ಅವರ ಮಗಳು ಬಂದರು. ಒಳ್ಳೆಯವರು. ತಮ್ಮನ ಕಿವಿಯ ಸುದ್ದಿ ಕೇಳಿ ನೋಡಲೆಂದೇ ಬಂದಿದ್ದರು. ಕೆಂಪುಕೋಟೆ, ಕುತುಬ್ ಆದ ಮೇಲೆ ನಮ್ಮವರೇ ಹೇಳಿದರು: "ಗುಡ್ಡಕ್ಕೆ ಹೋಗೋಣ. ಚಿನ್ನು ಎಲ್ಲಾ ತೋರಿಸ್ತಾಳೆ."

ಚಿನ್ನು ಹಿಂದಿನ ದಿನವೇ ಏನೇನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡಿದ್ದಳು. ನನ್ನನ್ನು ಎದುರು ನಿಲ್ಲಿಸಿಕೊಂಡು ಒಪ್ಪಿಸಿದ್ದಳು. ಗುಡ್ಡದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾನು ಅಪ್ಪನಿಗೆ ಕಾಣುವಂತೆ ಎದುರಿಗೆ ನಿಂತು ಶುರು ಮಾಡಿದಳು. "ದೊಡ್ಡಪ್ಪ, ಇದು ನಮ್ಮ ಕಾಡು. ಇಲ್ಲಿ ನವಿಲು ಇದ್ದಾನೆ, ಅವನ ಹೆಂಡತಿ ಇದ್ದಾಳೆ. ಮಲೆ ಬಂದಾಗ ಅವನು ಕುನೀತಾನೆ. ಈ ಹಲ್ಲದಲ್ಲಿ ತುಂಬಾ ಕಪ್ಪೆಗಲು ಇದ್ದರು."

ಅಕ್ಕನ ಮಗಳು ಮೊದಲು ನಕ್ಕಳು. "ಯಾರ ಹಲ್ಲಲ್ಲಿ ಕಪ್ಪೆ ಚಿನ್ನು?" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ನಕ್ಕರು. ಭಾವ, "ನಮ್ಮ ಮೋಹನನ ಮಗಳು ಪಕ್ಕಾ ದಿಲ್ಲಿಯವಳು ಬಿಡು" ಎಂದು ದೊಡ್ಡದಾಗಿ ನಕ್ಕರು. ಕೆಟ್ಟ ಮನಸ್ಸಿನ ನಗುವಲ್ಲ ಅದು. ಮುದ್ದಿಗೆ ನಕ್ಕದ್ದು. ಚಿನ್ನು ನನ್ನ ಕಡೆ ತಿರುಗಿದಳು.

ಆಗ ನಾನೂ ನಗುತ್ತಿದ್ದೆ.

ಅವಳು ಬಾಯಿ ಮುಚ್ಚಿದಳು. ನಮ್ಮವರು ಅವಳ ತುಟಿ ಮತ್ತೆ ತೆರೆಯುವುದನ್ನು ಕಾಯುತ್ತ ನಿಂತಿದ್ದರು. ಅವಳು ತೆರೆಯಲಿಲ್ಲ. ಬೆನ್ನು ತಿರುಗಿಸಿ ಇಳಿಜಾರಿನ ಕಡೆ ನಡೆದಳು. ಅವರು ನನ್ನ ಹತ್ತಿರ ಬಂದು, "ಯಾಕೆ ಎಲ್ಲಾ ನಗ್ತಿದ್ರಿ? ಏನಾಯ್ತು?" ಎಂದರು. ಅತಿಥಿಗಳ ಮುಂದೆ ಅವರಿಗೆ ನೋವಾಗಬಾರದು, ಅವರ ಮನಸ್ಸಿನಲ್ಲಿ ಅಣ್ಣನ ಮೇಲೆ ಏನೂ ಉಳಿಯಬಾರದು ಎಂದು ನಾನು ತಟ್ಟನೆ, "ಕೋತಿ ಒಂದು ಬಂದಿತ್ತು. ಅದೇನೋ ಚೇಷ್ಟೆ ಮಾಡ್ತು" ಎಂದೆ. ಅವರು ಸುತ್ತ ನೋಡಿ ಕೋತಿಯನ್ನು ಹುಡುಕಿದರು.

ಅವತ್ತಿನಿಂದ ಚಿನ್ನು ಕನ್ನಡ ಆಡಲಿಲ್ಲ. ಮೊದಮೊದಲು ಜನರೆದುರು ಆಡುವುದು ಬಿಟ್ಟಳು, ಆಮೇಲೆ ಅಪ್ಪನೆದುರೂ ಬಿಟ್ಟಳು. ಮುಂದಿನ ಭಾನುವಾರ ಹೊಟ್ಟೆನೋವು ಎಂದಳು. ಅದರ ಮುಂದಿನ ವಾರ ಯೂನಿಟ್ ಟೆಸ್ಟ್. ಅವರು ಒಬ್ಬರೇ ಎರಡು ಸಲ ಹೋಗಿಬಂದರು. ಮೂರನೆಯ ಸಲ ಕಾರಿನ ಕೀ ಕೈಯಲ್ಲಿ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಕೀಯನ್ನು ಮೊಳೆಗೆ ತಗುಲಿಸಿ ಕುಳಿತರು. ನಾನು ಅವಳಿಗೆ ಎಷ್ಟೋ ಸಲ ಹೇಳಿದೆ, ಗದರಿದೆ. ಬರುವುದಿಲ್ಲ ಎಂದರೆ ಬರುವುದಿಲ್ಲ. ಅವಳಿಗೊಂದು ಫೋನ್ ಬಂದ ಮೇಲೆ ಹೇಳಬೇಕಾದ್ದನ್ನು ಅದರಲ್ಲಿ ಬರೆದು ಅಪ್ಪನ ಮುಂದೆ ಹಿಡಿಯತೊಡಗಿದಳು. ಫೀಸ್ ಕಟ್ಟಬೇಕು. ಲೇಟಾಗಿ ಬರುತ್ತೇನೆ. ಅವರು ಓದಿ ತಲೆ ಆಡಿಸುತ್ತಾರೆ. ಜಗಳವಿಲ್ಲ, ಸಿಟ್ಟಿಲ್ಲ. ಹೊರಗಿನವರಿಗೆ ನಮ್ಮ ಮನೆಯಲ್ಲಿ ಏನೂ ಕೊರತೆ ಕಾಣುವುದಿಲ್ಲ.

ಗಿಡ ನೆಟ್ಟು ಬಂದ ಆ ಸಂಜೆ ನಾನು ಚಿನ್ನುವಿನ ಪಕ್ಕ ಕುಳಿತೆ. ಈಗ ಅವಳಿಗೆ ಹದಿನಾಲ್ಕು. ಓದುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ ಗೊತ್ತಾ?" ಎಂದೆ. ಹೇಳಿದೆ. ಆಮೇಲೆ, "ಅವತ್ತು ನಾನೂ ನಕ್ಕಿದ್ದೆ ಚಿನ್ನು. ತಪ್ಪು ನಂದು" ಎಂದೆ.

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಪತಾ ಹೈ ಮಮ್ಮಿ. ಮೈನೇ ದೇಖಾ ಥಾ." ಗೊತ್ತು, ನೋಡಿದ್ದೆ. ಅಷ್ಟು ಹೇಳಿ ಹಾಳೆ ತಿರುಗಿಸಿದಳು. ಆಮೇಲೆ, "ಇಟ್ಸ್ ಓಕೆ" ಎಂದಳು.

ಹೊರಗೆ ಬಾಲ್ಕನಿಯಲ್ಲಿ ನಮ್ಮವರು ಕುಂಡಗಳಿಗೆ ನೀರು ಹಾಕುತ್ತಿದ್ದರು. ನಾನು ಅವರ ಎದುರಿಗೆ ಹೋಗಿ ನಿಂತೆ. ಮುಖದ ಮೇಲೆ ಬೆಳಕು ಬೀಳುವ ಕಡೆ ನಿಂತು, ನಿಧಾನವಾಗಿ, ಒಂದೂ ಬಿಡದೆ ಹೇಳಿದೆ. ಕೋತಿ ಇರಲಿಲ್ಲ. ಅವಳ ಕನ್ನಡಕ್ಕೆ ನಕ್ಕೆವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದಕ್ಕೇ ಅವಳು ಮಾತು ಬಿಟ್ಟದ್ದು.

ಅವರು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. ಕಿವುಡಾದ ಮೇಲೆ ಅವರ ದನಿಯ ಏರಿಳಿತವೇ ಹೋಗಿಬಿಟ್ಟಿದೆ; ಏನು ಹೇಳಿದರೂ ಒಂದೇ ಮಟ್ಟದಲ್ಲಿ ಹೇಳುತ್ತಾರೆ. ಇದನ್ನೂ ಹಾಗೆಯೇ ಹೇಳಿದರು.

"ಕಿವುಡನ ಜೊತೆ ಮಾತಾಡಿ ಮಾತಾಡಿ ಅವಳಿಗೆ ಸಾಕಾಯ್ತು ಅಂದ್ಕೊಂಡಿದ್ದೆ. ಆರು ವರ್ಷ ಅದನ್ನೇ ಅಂದ್ಕೊಂಡಿದೀನಿ." ಒಳಗೆ ಮಗಳ ಕೋಣೆಯ ದೀಪದ ಕಡೆ ಒಮ್ಮೆ ನೋಡಿ ಮತ್ತೆ ನನ್ನ ಕಡೆ ತಿರುಗಿದರು. "ಅಷ್ಟು ತಪ್ಪಿತ್ತಾ ಅವಳ ಕನ್ನಡ? ನಂಗೆ ಎಲ್ಲಾ ಗೊತ್ತಾಗ್ತಿತ್ತಲ್ಲ."